ಬೀಸಣಿಗೆ ಎಂಬ ಪದ ಎಲ್ಲಿತ್ತು?

ದೊಡ್ಡಮ್ಮನಿಗೆ ಲಕ್ವ ಹೊಡೆದು ಎರಡು ತಿಂಗಳಾಗಿತ್ತು. ಬಲಗೈ ಅಷ್ಟಿಷ್ಟು ಆಡತೊಡಗಿತ್ತು, ಮಾತು ಮಾತ್ರ ಇನ್ನೂ ಕುಂಟುತ್ತಿತ್ತು. ಸ್ಪೀಚ್ ಥೆರಪಿಯ ಹುಡುಗಿ ಚಿತ್ರದ ಕಾರ್ಡುಗಳನ್ನು ಒಂದೊಂದಾಗಿ ಮುಂದಿಟ್ಟು "ಅಮ್ಮ, ಇದೇನು ಹೇಳಿ" ಎನ್ನುತ್ತಿದ್ದಳು. ತಟ್ಟೆ, ಲೋಟ, ಹಸು ಎಲ್ಲ ಸಲೀಸಾಗಿ ಬಂದವು. ಆಮೇಲೆ ಬೀಸಣಿಗೆಯ ಚಿತ್ರ ಬಂತು. ದೊಡ್ಡಮ್ಮ ಎಡಗೈ ಎತ್ತಿ ಮುಖದ ಮುಂದೆ ಬೀಸಿಕೊಂಡು ತೋರಿಸಿದರು. "ಗಾಳಿ... ಗಾಳೀದು... ಸೆಕೆಗೆ" ಎಂದರು. "ಮೊರ" ಎಂದರು. ತಾವೇ ತಲೆಯಾಡಿಸಿ "ಅಲ್ಲ, ಅಲ್ಲ" ಎಂದರು. ಕಣ್ಣಲ್ಲಿ ನೀರು ಬಂತು. ಹುಡುಗಿ ಅವಸರ ಮಾಡಲಿಲ್ಲ. ಸ್ವಲ್ಪ ಹೊತ್ತು ಕಾದು, ತುಟಿ ಅಗಲಿಸಿ "ಬೀ..." ಎಂದಳು. "ಬೀಸಣಿಗೆ!" ಇಡೀ ಪದ ಒಂದೇ ಉಸಿರಿಗೆ, ಒಂದಿಷ್ಟೂ ತೊದಲದೆ ಹೊರಬಂತು.

ಅಷ್ಟು ಹೊತ್ತು ಆ ಪದ ಎಲ್ಲಿತ್ತು? ಕಳೆದುಹೋಗಿದ್ದರೆ ಒಂದಕ್ಷರದ ಆಸರೆಗೆ ಹಾಗೆ ಎದ್ದು ಬರುತ್ತಿರಲಿಲ್ಲ. ಅರ್ಥವೂ ಮಾಸಿರಲಿಲ್ಲ, ಕೈ ಬೀಸಿ ತೋರಿಸಿದ್ದರಲ್ಲ. 'ಮೊರ' ಸರಿಯಲ್ಲ ಎಂದು ತಿದ್ದಿಕೊಂಡದ್ದೂ ಅವರೇ. ಅರ್ಥ ಇತ್ತು, ಪದ ಇತ್ತು, ನಡುವಿನ ದಾರಿ ಕುಸಿದಿತ್ತು. ಅಂದಿನಿಂದ ಈ ದಾರಿಯ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ. ಮಿದುಳು ಪದಗಳನ್ನು ಹೇಗೆ ಇಟ್ಟುಕೊಳ್ಳುತ್ತದೆ, ಬೇಕೆಂದಾಗ ಹೇಗೆ ತೆಗೆದುಕೊಡುತ್ತದೆ ಎಂಬುದಕ್ಕೆ ಸುಮಾರು ಅರವತ್ತು ವರ್ಷಗಳಿಂದ ಮನೋವಿಜ್ಞಾನಿಗಳು ಕಂಪ್ಯೂಟರ್ ಮಾದರಿಗಳನ್ನು ಕಟ್ಟುತ್ತಿದ್ದಾರೆ. ಅವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಮನದಟ್ಟಾದದ್ದು ಒಂದೇ: ಇಂಥ ಮಾದರಿಯನ್ನು ಅಳೆಯಬೇಕಾದದ್ದು ಅದರ ತಪ್ಪುಗಳಿಂದ. ಚಿತ್ರ ನೋಡಿ ಹೆಸರು ಹೇಳುವ ಯಂತ್ರವನ್ನು ಯಾರು ಬೇಕಾದರೂ ಮಾಡಿಯಾರು. 'ಬೀಸಣಿಗೆ'ಗೆ 'ಮೊರ' ಎಂದು ತಪ್ಪಿ, 'ಬೀ' ಎಂದೊಡನೆ ಸರಿಹೋಗುವ ಯಂತ್ರವನ್ನು ಕಟ್ಟುವುದೇ ನಿಜವಾದ ಕೆಲಸ.

ತಲೆಯೊಳಗಿನ ಪದಕೋಶ ಎಂದಾಗ ನಮ್ಮ ಕಣ್ಣಮುಂದೆ ಬರುವುದು ಕಿಟೆಲ್ ನಿಘಂಟಿನಂಥ ದಪ್ಪ ಪುಸ್ತಕ. ಈ ಹೋಲಿಕೆ ಬೇಗ ಮುರಿದುಬೀಳುತ್ತದೆ. 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಅಂದಾಜಿನಂತೆ, ಇಪ್ಪತ್ತು ವರ್ಷದ ಸಾಮಾನ್ಯ ಅಮೆರಿಕನ್ನನಿಗೆ ಗೊತ್ತಿರುವ ಮೂಲಪದಗಳು ಸುಮಾರು 42,000. ಮಾತಾಡುವಾಗ ಸೆಕೆಂಡಿಗೆ ಎರಡು ಮೂರು ಪದ ಹೊರಬೀಳುತ್ತವೆ. ಪರಿಚಿತ ಚಿತ್ರವೊಂದನ್ನು ನೋಡಿ ಹೆಸರು ಹೇಳಲು ಬೇಕಾದದ್ದು ಸೆಕೆಂಡಿನ ಹತ್ತರಲ್ಲಿ ಆರು ಭಾಗ. ಇಷ್ಟು ವೇಗದಲ್ಲೂ ಪದ ತಪ್ಪುವುದು ಸಾವಿರಕ್ಕೆ ಒಂದೋ ಏನೋ. ಯಾವ ಪುಟ ತಿರುವುವಿಕೆಯೂ ಇಷ್ಟು ಚುರುಕಾಗಿರಲಾರದು. ಅದಲ್ಲದೆ ನಿಘಂಟಿಗೆ ಇರುವುದು ಒಂದೇ ಬಾಗಿಲು, ಅಕಾರಾದಿ. ತಲೆಯೊಳಗಿನ ಪದಕ್ಕೆ ಅರ್ಥದಿಂದ, ಸದ್ದಿನಿಂದ, ಬರಹದಿಂದ, ವಾಸನೆಯಿಂದಲೂ ಹೋಗಬಹುದು.

ಈ ಬಾಗಿಲುಗಳು ಬೇರೆ ಬೇರೆ ಎಂಬುದನ್ನು ಮೊದಲು ತೋರಿಸಿಕೊಟ್ಟವರು ರೋಗಿಗಳು. 1861ರಲ್ಲಿ ಪ್ಯಾರಿಸ್ಸಿನ ಪಾಲ್ ಬ್ರೋಕಾ 'ಟಾನ್' ಎಂಬ ಒಂದೇ ಸದ್ದು ಉಳಿದಿದ್ದ ರೋಗಿಯ ಮಿದುಳಿನ ಎಡ ಮುಂಭಾಗದಲ್ಲಿ ಪೆಟ್ಟನ್ನು ಗುರುತಿಸಿದರು. 1874ರಲ್ಲಿ ಕಾರ್ಲ್ ವರ್ನಿಕೆ, ನಿರರ್ಗಳವಾಗಿ ಮಾತಾಡಿಯೂ ಅರ್ಥ ಹಿಡಿಯಲಾಗದವರನ್ನು ವಿವರಿಸಿದರು. 1885ರಲ್ಲಿ ಲಿಚ್ಟ್‌ಹೈಮ್ ಇವೆಲ್ಲವನ್ನೂ ಗೆರೆ ಮತ್ತು ಚುಕ್ಕೆಗಳ ನಕ್ಷೆಯಾಗಿ ಬರೆದರು. ಯಾವ ಗೆರೆ ಕಡಿದರೆ ಯಾವ ತೊಂದರೆ ಎಂದು ಆ ನಕ್ಷೆ ಮುಂಚಿತವಾಗಿ ಹೇಳುತ್ತಿತ್ತು. ಕಂಪ್ಯೂಟರ್ ಇಲ್ಲದ ಕಾಲದ ಮಾದರಿ ಅದು. ತಪ್ಪನ್ನು ಮುನ್ನುಡಿಯುವ ಹಂಬಲ ಅದರಲ್ಲಿ ಆಗಲೇ ಇತ್ತು.

ಆರೋಗ್ಯವಂತರ ತಪ್ಪನ್ನು ಪ್ರಯೋಗಶಾಲೆಗೆ ತಂದವರು ಹಾರ್ವರ್ಡಿನ ರೋಜರ್ ಬ್ರೌನ್ ಮತ್ತು ಡೇವಿಡ್ ಮೆಕ್‌ನೀಲ್, 1966ರಲ್ಲಿ. ಅಪರೂಪದ ಪದಗಳ ವಿವರಣೆಯನ್ನು ಓದಿ ಹೇಳಿ, ಪದ ಯಾವುದೆಂದು ವಿದ್ಯಾರ್ಥಿಗಳನ್ನು ಕೇಳಿದರು. ಕೆಲವರಿಗೆ ಪದ ನಾಲಿಗೆ ತುದಿಯಲ್ಲಿ ಬಂದು ನಿಂತಿತು. ಆಗ ಪೂರ್ತಿ ಪದ ಬಾರದಿದ್ದರೂ ಮೊದಲ ಅಕ್ಷರ ಯಾವುದು, ಎಷ್ಟು ಉಚ್ಚಾರಾಂಶ ಎಂಬುದನ್ನು ಅವರು ಎಷ್ಟೋ ಸಲ ಸರಿಯಾಗಿ ಹೇಳಿದರು. 1997ರಲ್ಲಿ ಇಟಾಲಿಯನ್ ಭಾಷಿಕರ ಮೇಲೆ ನಡೆದ ಪ್ರಯೋಗದಲ್ಲಿ, ಪದ ಸಿಕ್ಕದೆ ಒದ್ದಾಡುತ್ತಿದ್ದವರಿಗೂ ಅದು ಪುಲ್ಲಿಂಗವೋ ಸ್ತ್ರೀಲಿಂಗವೋ ಎಂದು ಗೊತ್ತಿತ್ತು. ಇಟಾಲಿಯನ್ನಿನಲ್ಲಿ ಆ ಲಿಂಗ ವ್ಯಾಕರಣದ್ದು, ಅರ್ಥದಿಂದ ಊಹಿಸಲಾಗದ್ದು. ಅಂದರೆ ಪದದ ವ್ಯಾಕರಣ ಕೈಗೆ ಬಂದಿದೆ, ಸದ್ದು ಇನ್ನೂ ಬಂದಿಲ್ಲ. ಪದ ಒಂದೇ ಗಟ್ಟಿ ವಸ್ತುವಾಗಿದ್ದರೆ ಹೀಗೆ ಅರ್ಧ ಸಿಕ್ಕುವುದು ಸಾಧ್ಯವೇ?

ಜಾಲ ಎಂಬ ಕಲ್ಪನೆ ಬಂದದ್ದು ಇದೇ ಹೊತ್ತಿಗೆ. 1969ರಲ್ಲಿ ಜಾನ್ ಮಾರ್ಟನ್ ಪ್ರತಿ ಪದಕ್ಕೂ ಒಂದೊಂದು ಎಣಿಕೆಗಾರನನ್ನು ಊಹಿಸಿದರು. ಕಿವಿಯಿಂದಲೋ ಕಣ್ಣಿನಿಂದಲೋ ಸಂದರ್ಭದಿಂದಲೋ ಪುರಾವೆ ಬಂದಷ್ಟೂ ಅದರ ಲೆಕ್ಕ ಏರುತ್ತದೆ, ಒಂದು ಮಟ್ಟ ದಾಟಿದರೆ ಪದ ಎಚ್ಚರಗೊಳ್ಳುತ್ತದೆ. ದಿನಬಳಕೆಯ ಪದಗಳ ಮಟ್ಟ ಕೆಳಗಿರುತ್ತದೆ, ಅದಕ್ಕೇ ಅವು ಬೇಗ ಏಳುತ್ತವೆ. ಅದೇ ವರ್ಷ ಕಾಲಿನ್ಸ್ ಮತ್ತು ಕ್ವಿಲಿಯನ್ ಅರ್ಥಗಳನ್ನು ಮರದಂತೆ ಜೋಡಿಸಿದರು: ಕೆನರಿ ಒಂದು ಹಕ್ಕಿ, ಹಕ್ಕಿ ಒಂದು ಪ್ರಾಣಿ. 'ಕೆನರಿ ಹಾಡುತ್ತದೆ' ಎಂಬುದಕ್ಕಿಂತ 'ಕೆನರಿಗೆ ಚರ್ಮವಿದೆ' ಎಂಬುದಕ್ಕೆ ಹೌದು ಎನ್ನಲು ಜನ ಹೆಚ್ಚು ಹೊತ್ತು ತೆಗೆದುಕೊಂಡರು. ಮರದಲ್ಲಿ ಅಷ್ಟು ಮೆಟ್ಟಿಲು ಹತ್ತಬೇಕಲ್ಲ. ಆದರೆ ಮೆಟ್ಟಿಲು ಅಷ್ಟೇ ಇದ್ದರೂ, ಹಕ್ಕಿಯ ಹಾಗೆ ಕಾಣದ ಹಕ್ಕಿಯನ್ನು ಹಕ್ಕಿ ಎನ್ನಲು ಜನ ತಡಮಾಡಿದಾಗ ಮರ ಅಲ್ಲಾಡಿತು. 1975ರಲ್ಲಿ ಕಾಲಿನ್ಸ್ ಮತ್ತು ಲಾಫ್ಟಸ್ ಮರವನ್ನು ಬಿಟ್ಟು ಬಲೆಯನ್ನು ಹಿಡಿದರು. ಒಂದು ಗಂಟು ಕಾದರೆ ಕಾವು ಎಳೆಗಳ ಮೂಲಕ ನೆರೆಯ ಗಂಟುಗಳಿಗೂ ಹರಿಯುತ್ತದೆ. ಈ ಕಾವು ಎಂಬ ಮಾತನ್ನೇ ನಾನು ಮುಂದೆಯೂ ಬಳಸುತ್ತೇನೆ, ಏಕೆಂದರೆ ಆಮೇಲಿನ ಬಹುತೇಕ ಮಾದರಿಗಳು ಈ ಹರಿಯುವ ಕಾವಿನ ಮೇಲೆಯೇ ನಿಂತಿವೆ.

ಮೊದಲು ಕೇಳುವ ಕಡೆಯನ್ನು ನೋಡೋಣ. ಬೆಳಗಿನ ಗಡಿಬಿಡಿಯಲ್ಲಿ ಅಡುಗೆಮನೆಯಿಂದ ಕೂಗು ಬರುತ್ತದೆ: "ಕನ್ನಡ್..." ಮುಂದಿನದು ಮಿಕ್ಸಿಯ ಸದ್ದಿನಲ್ಲಿ ಇನ್ನೂ ತಲುಪಬೇಕಿದೆ. 'ಕ' ಕೇಳಿದಾಗ ಸಾವಿರಾರು ಪದಗಳು ಕಿವಿ ನಿಮಿರಿಸಿದ್ದವು. 'ಕನ್ನ' ಎಂಬಷ್ಟಕ್ಕೆ ಗುಂಪು ಬೆರಳೆಣಿಕೆಗೆ ಇಳಿಯಿತು: ಕನ್ನ, ಕನ್ನಡ, ಕನ್ನಡಿ, ಕನ್ನಡಕ, ಕನ್ನಡಿಗ. ಮುಂದಿನ ಸದ್ದು 'ಇ' ಆದರೆ ಕನ್ನಡಕ ಹೊರಗೆ. 'ಅಕ' ಆದರೆ ಕನ್ನಡಿ ಹೊರಗೆ. ಪದ ಮುಗಿಯುವ ಮೊದಲೇ ಕೇಳುವವರು ನಿರ್ಧಾರಕ್ಕೆ ಬಂದಿರುತ್ತಾರೆ. ವಿಲಿಯಂ ಮಾರ್ಸ್ಲೆನ್-ವಿಲ್ಸನ್ 1970ರ ದಶಕದ ಕೊನೆಯಲ್ಲಿ ಮಂಡಿಸಿದ ಕೊಹಾರ್ಟ್ ಮಾದರಿಯ ತಿರುಳು ಇದೇ: ಒಂದೇ ಆರಂಭದ ಪದಗಳೆಲ್ಲ ಒಟ್ಟಿಗೆ ಎದ್ದು, ಸದ್ದು ಮುಂದುವರಿದಂತೆ ಒಂದೊಂದಾಗಿ ಕುಳಿತುಕೊಳ್ಳುತ್ತವೆ.

ಈ ಮಾದರಿಗೆ ಮೊದಲಕ್ಷರವೇ ಆಧಾರ. ಅದನ್ನು ಕೆಮ್ಮು ನುಂಗಿದರೆ? ರಿಚರ್ಡ್ ವಾರನ್ 1970ರಲ್ಲಿ ವಾಕ್ಯವೊಂದರ ನಡುವಿನ ಸದ್ದನ್ನು ಕತ್ತರಿಸಿ ಕೆಮ್ಮನ್ನು ಅಂಟಿಸಿ ಕೇಳಿಸಿದರು. ಕೇಳಿದವರಿಗೆ ಪದ ಪೂರ್ತಿಯಾಗಿಯೇ ಕೇಳಿಸಿತು, ಕೆಮ್ಮು ಹಿನ್ನೆಲೆಯಲ್ಲಿ ಎಲ್ಲೋ ಇದ್ದಂತಾಯಿತು. 1986ರಲ್ಲಿ ಮೆಕ್ಲೆಲೆಂಡ್ ಮತ್ತು ಎಲ್ಮನ್ ಕಟ್ಟಿದ 'ಟ್ರೇಸ್' ಮಾದರಿ ಇದಕ್ಕೆ ಉತ್ತರ ಕೊಟ್ಟಿತು. ಅದರಲ್ಲಿ ಧ್ವನಿಲಕ್ಷಣ, ಧ್ವನಿ, ಪದ ಎಂದು ಮೂರು ಅಂತಸ್ತು. ಕಾವು ಕೆಳಗಿನಿಂದ ಮೇಲಕ್ಕೂ ಹರಿಯುತ್ತದೆ, ಮೇಲಿನಿಂದ ಕೆಳಕ್ಕೂ ಇಳಿಯುತ್ತದೆ, ಒಂದೇ ಅಂತಸ್ತಿನ ಪದಗಳು ಪರಸ್ಪರ ತುಳಿಯುತ್ತವೆ. 1998ರಲ್ಲಿ ಅಲೊಪೆನ್ನಾ ಮತ್ತು ಸಂಗಡಿಗರು ಕಣ್ಣಿನ ಚಲನೆಯನ್ನು ಅಳೆದು ಇದನ್ನು ಪರೀಕ್ಷಿಸಿದರು. 'ಬೀಕರ್' ಎಂದು ಹೇಳಿದಾಗ ಜನರ ಕಣ್ಣು ಮೊದಲು 'ಬೀಟಲ್' ಚಿತ್ರದ ಕಡೆಗೂ ಸರಿದು, ಸ್ವಲ್ಪ ತಡವಾಗಿ ಪ್ರಾಸವಾಗುವ 'ಸ್ಪೀಕರ್' ಕಡೆಗೂ ಹೋಯಿತು. ಟ್ರೇಸ್ ಎಳೆದ ಗೆರೆಗಳೂ ಕಣ್ಣಿನ ಗೆರೆಗಳೂ ಬಹುಮಟ್ಟಿಗೆ ಒಂದರ ಮೇಲೊಂದು ಕೂತವು. ಈ ಇಡೀ ಕ್ಷೇತ್ರದಲ್ಲಿ ನನಗೆ ತುಂಬ ಇಷ್ಟವಾದ ಪ್ರಯೋಗ ಇದು. ಬಾಯಲ್ಲಿ ಬಾರದ ತಪ್ಪು ಅರೆಕ್ಷಣ ಕಣ್ಣಲ್ಲಿ ಮಿಂಚಿ ಹೋಗುತ್ತದೆ.

ಟ್ರೇಸ್‌ನ ದೌರ್ಬಲ್ಯವೂ ದೊಡ್ಡದೇ. ಅದು ಇಡೀ ಪದಪಟ್ಟಿಯನ್ನು ಕಾಲದ ಪ್ರತಿ ತುಣುಕಿಗೂ ಮತ್ತೆ ಮತ್ತೆ ನಕಲು ಮಾಡಿಕೊಳ್ಳುತ್ತದೆ. ಇನ್ನೂರು ಚಿಲ್ಲರೆ ಪದಗಳಿರುವಾಗ ನಡೆಯುತ್ತದೆ, ನಲವತ್ತು ಸಾವಿರಕ್ಕೆ ಮಿದುಳು ಹಾಗೆ ಮಾಡುತ್ತಿದೆ ಎಂದು ನಂಬುವುದು ಕಷ್ಟ. ಮೇಲಿನಿಂದ ಕೆಳಗಿಳಿಯುವ ಕಾವು ಬೇಕೇ ಬೇಡವೇ ಎಂಬ ಜಗಳವೂ ಮುಗಿದಿಲ್ಲ. ಡೆನಿಸ್ ನಾರಿಸ್, ಜೇಮ್ಸ್ ಮೆಕ್ವೀನ್, ಆ್ಯನ್ ಕಟ್ಲರ್ 2000ದಲ್ಲಿ ಅದು ಎಲ್ಲಿಯೂ ಅನಿವಾರ್ಯವಲ್ಲ ಎಂದು ಬಲವಾಗಿ ವಾದಿಸಿದರು. ಈ ಜಗಳದ ಒಳಸುಳಿಗಳನ್ನು ಇಲ್ಲಿ ಬಿಡುತ್ತೇನೆ.

ದೊಡ್ಡಮ್ಮನ ಪ್ರಶ್ನೆ ಇರುವುದು ಹೇಳುವ ಕಡೆ. ಬಾಯಿತಪ್ಪುಗಳನ್ನು ಶ್ರದ್ಧೆಯಿಂದ ಕೂಡಿಟ್ಟವರಲ್ಲಿ ಮೊದಲಿಗರು ವಿಯೆನ್ನಾದ ಮೆರಿಂಗರ್ ಮತ್ತು ಮೇಯರ್. ಅವರ ಜರ್ಮನ್ ಸಂಗ್ರಹ 1895ರದ್ದು. ಅಂಥ ಸಂಗ್ರಹಗಳನ್ನು ನೋಡಿ 1986ರಲ್ಲಿ ಗ್ಯಾರಿ ಡೆಲ್ ಒಂದು ಮಾದರಿ ಕಟ್ಟಿದರು. ಅವರ ಉದಾಹರಣೆಗಳು ಇಂಗ್ಲಿಷಿನವು, ನಾನು ಕನ್ನಡದಲ್ಲಿ ಹೇಳುತ್ತೇನೆ. 'ಎತ್ತು' ಎನ್ನಬೇಕಾಗಿದೆ. ನಾಲ್ಕು ಕಾಲು, ಕೊಂಬು, ನೊಗ ಎಂಬ ಅರ್ಥದ ಗಂಟುಗಳು ಕಾಯುತ್ತವೆ. ಕಾವು 'ಎತ್ತು'ಗೆ ಹೋಗುತ್ತದೆ, ಪಕ್ಕದ 'ಹಸು'ವಿಗೂ 'ಎಮ್ಮೆ'ಗೂ ಸೋರುತ್ತದೆ. 'ಎತ್ತು' ತನ್ನ ಸದ್ದುಗಳಾದ ಎ, ತ್, ತು ಗಳನ್ನು ಕಾಯಿಸುತ್ತದೆ. ಆ ಸದ್ದುಗಳಿಂದ ಕಾವು ಹಿಂದಕ್ಕೂ ಏರಿ 'ಮುತ್ತು', 'ಹತ್ತು'ಗಳನ್ನು ಮುಟ್ಟುತ್ತದೆ. ಈಗ ನೋಡಿ, 'ಎಮ್ಮೆ' ಎರಡು ಕಡೆಯಿಂದ ಕಾಯುತ್ತಿದೆ. ಅದು ದನದ ಬಳಗದ್ದೂ ಹೌದು, 'ಎ'ಯಿಂದ ಶುರುವಾಗುವುದೂ ಹೌದು. ಹಾಗಾಗಿ ತಪ್ಪುವುದಾದರೆ 'ಹಸು'ವಿಗಿಂತ 'ಎಮ್ಮೆ' ಎಂದು ತಪ್ಪುವ ಸಾಧ್ಯತೆ ಹೆಚ್ಚು. ಅರ್ಥವೂ ಸದ್ದೂ ಎರಡೂ ಹೋಲುವ ಇಂಥ ಬೆರಕೆ ತಪ್ಪುಗಳು ಆಕಸ್ಮಿಕ ಎನ್ನಬಹುದಾದುದಕ್ಕಿಂತ ಹೆಚ್ಚು ಬರುತ್ತವೆ ಎಂದು ಸಂಗ್ರಹಗಳು ಹೇಳುತ್ತವೆ, ಡೆಲ್ ಮಾದರಿಯೂ ಹೇಳುತ್ತದೆ.

1997ರಲ್ಲಿ ಡೆಲ್ ಮತ್ತು ಸಂಗಡಿಗರು ಈ ಮಾದರಿಗೇ ಲಕ್ವ ಹೊಡೆಸಿದರು. ಎಳೆಗಳ ಬಲವನ್ನು ತಗ್ಗಿಸಿದರು, ಕಾವು ಆರಿಹೋಗುವ ವೇಗವನ್ನು ಹೆಚ್ಚಿಸಿದರು. ಬದಲಾಯಿಸಿದ್ದು ಈ ಎರಡನ್ನೇ. 175 ಚಿತ್ರಗಳ ಹೆಸರು ಹೇಳುವ ಪರೀಕ್ಷೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಅಫೇಸಿಯಾ ರೋಗಿಗಳು (ಮಿದುಳಿನ ಪೆಟ್ಟಿನಿಂದ ಮಾತು ಕುಂಟಿದವರು) ಮಾಡಿದ ತಪ್ಪುಗಳನ್ನು, ಅರ್ಥದ ತಪ್ಪೆಷ್ಟು, ಸದ್ದಿನ ತಪ್ಪೆಷ್ಟು, ಪದವೇ ಅಲ್ಲದ್ದೆಷ್ಟು ಎಂದು ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಮಾದರಿಯಿಂದ ಹೊರಡಿಸಿ ತೋರಿಸಿದರು. ಆಮೇಲೆ 2000ದಲ್ಲಿ ಆ ಎರಡು ತಿರುಗಣೆಗಳನ್ನು ಬದಲಿಸಿ, ಅರ್ಥದಿಂದ ಪದಕ್ಕೆ ಹೋಗುವ ಎಳೆ, ಪದದಿಂದ ಸದ್ದಿಗೆ ಹೋಗುವ ಎಳೆ ಎಂದು ಬೇರ್ಪಡಿಸಿದಾಗ ಹೊಂದಾಣಿಕೆ ಇನ್ನೂ ಸುಧಾರಿಸಿತು. ಇದನ್ನು ಓದಿದಾಗ ದೊಡ್ಡಮ್ಮನ 'ಮೊರ' ನನಗೆ ಮೊದಲ ಬಾರಿ ಅರ್ಥವಾಯಿತು. ಕಾವು 'ಬೀಸಣಿಗೆ'ಯ ತನಕ ಹೋಗುತ್ತಿತ್ತು, ಆದರೆ ಸಾಲುತ್ತಿರಲಿಲ್ಲ. ಗಾಳಿ, ಕೈಯಲ್ಲಿ ಹಿಡಿಯುವುದು, ಬೀಸುವುದು ಎಂಬ ಗಂಟುಗಳನ್ನು ಹಂಚಿಕೊಂಡ ಮೊರವೂ ಅಷ್ಟೇ ಕಾದಿತ್ತು. 'ಬೀ' ಎಂದಾಗ ಕಾವು ಸದ್ದಿನ ಕಡೆಯಿಂದ ಹೊಸದಾಗಿ ಏರಿತು. ಮೊರಕ್ಕೆ ಆ ಪಾಲು ಇಲ್ಲ. ಬೀಸಣಿಗೆ ಗೆದ್ದಿತು.

ಡೆಲ್‌ಗೆ ಎದುರಾಳಿ ನೆದರ್‌ಲ್ಯಾಂಡ್ಸಿನ ನೈಮೇಖನ್ ನಗರದ ವಿಲೆಮ್ ಲೆವೆಲ್ಟ್ ಬಳಗ. ಲೆವೆಲ್ಟ್, ರೂಲೋಫ್ಸ್, ಮೇಯರ್ 1999ರಲ್ಲಿ ಮಂಡಿಸಿದ 'ವೀವರ್' ಮಾದರಿಯಲ್ಲಿ ಕಾವು ಹಿಂದಕ್ಕೆ ಹರಿಯುವುದಿಲ್ಲ. ಮೊದಲು ಪದದ ಆಯ್ಕೆ, ಆಮೇಲೆ ಸದ್ದು, ಹಂತ ಹಂತವಾಗಿ. ಅವರ ಆಧಾರ ತಪ್ಪುಗಳಲ್ಲ, ಮಿಲಿಸೆಕೆಂಡುಗಳು. ಚಿತ್ರ ತೋರಿಸಿ, ಜತೆಗೆ ಒಂದು ಪದ ಕೇಳಿಸುತ್ತಾರೆ. ಅದು ಅರ್ಥದಲ್ಲಿ ಹತ್ತಿರದ್ದಾದರೆ ಹೆಸರು ಹೇಳುವುದು ನಿಧಾನವಾಗುತ್ತದೆ. ಸದ್ದಿನಲ್ಲಿ ಹತ್ತಿರದ್ದಾದರೆ ಚುರುಕಾಗುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ, ಕಾಲದ ಲೆಕ್ಕದಲ್ಲಿ ಲೆವೆಲ್ಟ್ ಗಟ್ಟಿ, ಮುರಿದ ಮಾತಿನ ಲೆಕ್ಕದಲ್ಲಿ ಡೆಲ್ ಗಟ್ಟಿ. ಆಸ್ಪತ್ರೆಯ ಕೋಣೆಯಿಂದ ನೋಡುವ ನಾನು ಡೆಲ್ ಕಡೆಗೇ ವಾಲುತ್ತೇನೆ.

ಇಲ್ಲಿಯವರೆಗಿನ ಮಾದರಿಗಳಲ್ಲಿ ಒಂದು ಪದಕ್ಕೆ ಒಂದು ಗಂಟು ಎಂಬ ಲೆಕ್ಕವಿತ್ತು. ಆ ಗಂಟೇ ಇಲ್ಲದಿದ್ದರೆ? 1980ರ ದಶಕದಲ್ಲಿ ರೂಮೆಲ್‌ಹಾರ್ಟ್, ಮೆಕ್ಲೆಲೆಂಡ್, ಹಿಂಟನ್ ಮೊದಲಾದವರು ಈ ಪ್ರಶ್ನೆ ಎತ್ತಿದರು. ಒಂದು ಪದವೆಂದರೆ ಸಾವಿರಾರು ಸಣ್ಣ ಘಟಕಗಳ ಮೇಲೆ ಮೂಡುವ ಒಂದು ವಿನ್ಯಾಸ. ಅದೇ ಘಟಕಗಳು ಇನ್ನೊಂದು ವಿನ್ಯಾಸದಲ್ಲಿ ಇನ್ನೊಂದು ಪದ. ರಂಗೋಲಿಯ ಚುಕ್ಕೆಗಳು ಅವೇ, ಎಳೆಯುವ ಗೆರೆಯಂತೆ ಚಿತ್ರ ಬೇರೆ. ಹಾಗಿದ್ದರೆ ಪದ ಎಲ್ಲಿಯೂ 'ಇಟ್ಟಿಲ್ಲ'. ಎಳೆಗಳ ಬಲದಲ್ಲಿ ಅದರ ಸಾಧ್ಯತೆ ಇದೆ, ಕರೆದಾಗಲೆಲ್ಲ ಹೊಸದಾಗಿ ಮೂಡುತ್ತದೆ.

1991ರಲ್ಲಿ ಜೆಫ್ರಿ ಹಿಂಟನ್ ಮತ್ತು ಟಿಮ್ ಶಾಲಿಸ್ ಇಂಥ ಜಾಲವೊಂದಕ್ಕೆ ಬರೀ 40 ಪದಗಳನ್ನು ಓದಿ ಅರ್ಥ ಹಿಡಿಯಲು ಕಲಿಸಿ, ಬೇರೆ ಬೇರೆ ಜಾಗದಲ್ಲಿ ಎಳೆಗಳನ್ನು ಕಡಿದರು. ಒಂದು ವಿಚಿತ್ರ ಕಾಯಿಲೆ ಅವರ ಮನಸ್ಸಿನಲ್ಲಿತ್ತು. ಅದರಲ್ಲಿ ರೋಗಿ ಬರೆದ ಪದವನ್ನು ಅದರ ಅರ್ಥಕ್ಕೆ ಹತ್ತಿರದ ಇನ್ನೊಂದು ಪದವಾಗಿ ಓದುತ್ತಾನೆ. ಅದೇ ರೋಗಿ ನೋಟಕ್ಕೆ ಹೋಲುವ ಪದವಾಗಿಯೂ ಓದುತ್ತಾನೆ. ಎರಡು ಬಗೆಯ ತಪ್ಪಿದ್ದರೆ ಎರಡು ಕಡೆ ಪೆಟ್ಟು ಬಿದ್ದಿರಬೇಕು ಎಂಬುದು ಅಲ್ಲಿಯವರೆಗಿನ ಸಹಜ ಊಹೆ. ಜಾಲ ಅದನ್ನು ಸುಳ್ಳು ಮಾಡಿತು. ಎಲ್ಲಿ ಕಡಿದರೂ ಎರಡೂ ಬಗೆಯ ತಪ್ಪು ಒಟ್ಟಿಗೇ ಬಂದವು. ಆ ತಪ್ಪುಗಳನ್ನು ಯಾರೂ ಅದಕ್ಕೆ ಕಲಿಸಿರಲಿಲ್ಲ. 2024ರಲ್ಲಿ ಹಿಂಟನ್‌ಗೆ ಜಾನ್ ಹಾಪ್‌ಫೀಲ್ಡ್ ಜತೆ ಭೌತವಿಜ್ಞಾನದ ನೊಬೆಲ್ ಬಂದಾಗ ಪತ್ರಿಕೆಗಳು ಕೃತಕ ಬುದ್ಧಿಮತ್ತೆಯ ಬಗ್ಗೆ ಬರೆದವು. ನನಗೆ ನೆನಪಾದದ್ದು ಈ 40 ಪದಗಳ ಪುಟ್ಟ ಜಾಲ.

ಅರ್ಥವೇ ಕರಗುವ ಕಾಯಿಲೆಯೂ ಇದೆ. ಸಿಮ್ಯಾಂಟಿಕ್ ಡಿಮೆನ್ಷಿಯಾ ಎಂಬ ಈ ಕಾಯಿಲೆಯಲ್ಲಿ ಮಿದುಳಿನ ಕಪೋಲ ಭಾಗದ ಮುಂತುದಿ ಸವೆಯುತ್ತದೆ. ಮೊದಲು ವಿಶೇಷಗಳು ಹೋಗುತ್ತವೆ, ಸಾಮಾನ್ಯ ಉಳಿಯುತ್ತದೆ. ಬಾತುಕೋಳಿಯ ಚಿತ್ರ ತೋರಿಸಿ, ಮುಚ್ಚಿ, ನೆನಪಿನಿಂದ ಬರೆಯಲು ಹೇಳಿದಾಗ ಒಬ್ಬ ರೋಗಿ ಅದಕ್ಕೆ ನಾಲ್ಕು ಕಾಲು ಬರೆದರು. ಪ್ರಾಣಿ ಎಂದರೆ ನಾಲ್ಕು ಕಾಲು ಎಂಬುದಷ್ಟೇ ಉಳಿದಿತ್ತು. 2004ರಲ್ಲಿ ಟಿಮ್ ರಾಜರ್ಸ್ ಮತ್ತು ಸಂಗಡಿಗರು, ಕಣ್ಣು ಕಿವಿ ಮಾತುಗಳಿಂದ ಬರುವುದೆಲ್ಲ ಒಂದು ನಡುಕೇಂದ್ರದಲ್ಲಿ ಕೂಡುವ ಜಾಲ ಕಟ್ಟಿ, ಆ ಕೇಂದ್ರವನ್ನು ಸ್ವಲ್ಪ ಸ್ವಲ್ಪವಾಗಿ ಸವೆಸಿದಾಗ ಅದೂ ಇದೇ ಕ್ರಮದಲ್ಲಿ ಮರೆಯಿತು.

ಹೊಸ ಪದ ಸೇರುವ ಬಗೆ ಇನ್ನೊಂದು ಒಗಟು. ಇಂಥ ಜಾಲಕ್ಕೆ ಅವಸರದಲ್ಲಿ ಹೊಸದನ್ನು ಕಲಿಸಿದರೆ ಹಳೆಯದು ಅಳಿಸಿಹೋಗುತ್ತದೆ. 1995ರಲ್ಲಿ ಮೆಕ್ಲೆಲೆಂಡ್, ಮೆಕ್‌ನಾಟನ್, ಒ'ರೈಲಿ ಪರಿಹಾರ ಸೂಚಿಸಿದರು: ಮಿದುಳಿನ ಹಿಪೊಕ್ಯಾಂಪಸ್ ಹೊಸದನ್ನು ಚಕ್ಕನೆ ಹಿಡಿದಿಟ್ಟುಕೊಂಡು, ಹೊರಪದರಕ್ಕೆ ನಿಧಾನವಾಗಿ, ಹಳೆಯದರ ಜತೆ ಬೆರೆಸುತ್ತ ಕಲಿಸುತ್ತದೆ. ಗ್ಯಾಸ್ಕೆಲ್ ಮತ್ತು ಡ್ಯೂಮೆ ಇದನ್ನು ಪದಗಳಲ್ಲಿ ನೋಡಿದರು. 'ಕೆಥೀಡ್ರಲ್' ಪದವನ್ನು ತಿರುಚಿ 'ಕೆಥೀಡ್ರುಕ್' ಎಂಬ ಸುಳ್ಳು ಪದ ಮಾಡಿ ಕಲಿಸಿದರು. ಕಲಿತ ಕೂಡಲೇ ಜನ ಅದನ್ನು ಗುರುತಿಸಿದರು, ಆದರೆ ಅದು ಕೆಥೀಡ್ರಲ್‌ಗೆ ಪೈಪೋಟಿ ಕೊಡಲಿಲ್ಲ. ಒಂದು ರಾತ್ರಿಯ ನಿದ್ದೆಯ ನಂತರ ಕೊಡತೊಡಗಿತು. ನಿದ್ದೆ ಮಾಡಿದ ಮೇಲಷ್ಟೇ ಅದು ಪದವಾಯಿತು.

ಇಲ್ಲಿಗೆ ಬಂದಾಗ ಕನ್ನಡದವನಾಗಿ ನನಗೊಂದು ಅಸಮಾಧಾನ ಏಳುತ್ತದೆ. ಮೇಲಿನ ಮಾದರಿಗಳಲ್ಲಿ ಹೆಚ್ಚಿನವು ಇಂಗ್ಲಿಷಿನ ಮೇಲೆ ಬೆಳೆದವು. ಗಟ್ಟಿಯಾಗಿ ಓದುವುದರ ಬಗ್ಗೆ, ಒಂದು ದಾರಿಯೋ ಎರಡು ದಾರಿಯೋ ಎಂದು ಸೈಡನ್‌ಬರ್ಗ್ ಮತ್ತು ಕೋಲ್ತಾರ್ಟ್ ಬಳಗಗಳ ನಡುವೆ ದಶಕಗಳ ಕಾಲ ವಾದ ನಡೆಯಿತು. ಬರೆದಂತೆ ಓದದ ಇಂಗ್ಲಿಷ್ ಪದಗಳನ್ನು ಹೇಗೆ ಓದುತ್ತೇವೆ ಎಂಬುದೇ ಅದರ ಮೂಲ. ಬರೆದಂತೆ ಓದುವ ನಮಗೆ ಅದು ಪಕ್ಕದ ಮನೆಯ ವ್ಯಾಜ್ಯ. ಡೇವಿಡ್ ಶೇರ್ 2008ರಲ್ಲಿ ಓದಿನ ಸಂಶೋಧನೆಯ ಈ ಇಂಗ್ಲಿಷ್ ಕೇಂದ್ರಿತತೆಯನ್ನು ನೇರವಾಗಿ ಎತ್ತಿ ತೋರಿಸಿದರು. ನಮ್ಮ ಕಷ್ಟ ಬೇರೆ: ಕಾಗುಣಿತ, ಒತ್ತಕ್ಷರ ಸೇರಿ ನೂರಾರು ಅಕ್ಷರರೂಪಗಳು. ಕನ್ನಡ ಶಾಲೆಯ ಮಕ್ಕಳಿಗೆ ಅವು ಪೂರ್ತಿ ಕೈವಶವಾಗಲು ನಾಲ್ಕನೇ ತರಗತಿಯವರೆಗೂ ಬೇಕಾಗುತ್ತದೆ ಎಂದು ಸೋನಾಲಿ ನಾಗ್ ತೋರಿಸಿದ್ದಾರೆ.

ನಿಜವಾದ ಪರೀಕ್ಷೆ ಪ್ರತ್ಯಯಗಳಲ್ಲಿದೆ. 'ಹೋಗಬೇಕಾಗಿತ್ತಂತೆ' ಎಂಬುದು ತಲೆಯಲ್ಲಿ ಇಡಿಯಾಗಿ ಇದೆಯೇ, ತುಣುಕುಗಳಾಗಿ ಇದೆಯೇ? 1989ರಲ್ಲಿ ಜಾರ್ಜ್ ಹ್ಯಾಂಕಮರ್ ಟರ್ಕಿಶ್ ಭಾಷೆಯನ್ನು ಮುಂದಿಟ್ಟು, ಇಂಥ ಭಾಷೆಯ ಎಲ್ಲ ರೂಪಗಳನ್ನೂ ಪಟ್ಟಿ ಮಾಡಿಕೊಳ್ಳುವುದು ಮಿದುಳಿಗೆ ಆಗದ ಕೆಲಸ ಎಂದು ವಾದಿಸಿದರು. ಧಾತುವನ್ನೂ ಪ್ರತ್ಯಯವನ್ನೂ ಬೇರೆ ಬೇರೆ ಪ್ರಕರಣಗಳಲ್ಲಿಟ್ಟ 13ನೇ ಶತಮಾನದ ನಮ್ಮ ಕೇಶಿರಾಜನಿಗೆ ಇದು ಹೊಸ ಮಾತಾಗಿ ಕೇಳಿಸುತ್ತಿರಲಿಲ್ಲ. ಆದರೆ ಬಿಡಿಸುವುದೂ ಸುಲಭವಲ್ಲ. 'ಕನ್ನಡಿಗೆ' ಎಂದಾಗ 'ಕನ್ನಡಿಗ' ಕೊನೆಯ ಸ್ವರದವರೆಗೂ ಸ್ಪರ್ಧೆಯಲ್ಲಿರುತ್ತಾನೆ. 'ಕನ್ನಡಕ್ಕೆ' ಎಂಬುದನ್ನು 'ಕನ್ನಡಕಕ್ಕೆ'ಯಿಂದ ಬೇರ್ಪಡಿಸುವುದು ಒಂದೇ ಒಂದು 'ಕ'. ಪದ ಎಲ್ಲಿ ಮುಗಿದು ಪ್ರತ್ಯಯ ಎಲ್ಲಿ ಶುರುವಾಯಿತು ಎಂಬುದನ್ನು ಕೊಹಾರ್ಟ್ ಆಗಲಿ ಟ್ರೇಸ್ ಆಗಲಿ ತಲೆಗೆ ಹಚ್ಚಿಕೊಂಡಿಲ್ಲ.

ಭೂತಕಾಲದ ರೂಪಗಳ ಮೇಲೆ ಇಂಗ್ಲಿಷಿನಲ್ಲಿ ನಡೆದ ಮಹಾಯುದ್ಧಕ್ಕೂ ಕನ್ನಡ ಹೊಸ ಸಾಕ್ಷಿ ಹೇಳಬಲ್ಲದು. 1986ರಲ್ಲಿ ರೂಮೆಲ್‌ಹಾರ್ಟ್ ಮತ್ತು ಮೆಕ್ಲೆಲೆಂಡ್, ನಿಯಮವೇ ಇಲ್ಲದೆ ಸದ್ದಿನ ಹೋಲಿಕೆಯಿಂದಲೇ ಜಾಲ ಭೂತರೂಪಗಳನ್ನು ಕಲಿಯುತ್ತದೆ ಎಂದರು. 1988ರಲ್ಲಿ ಪಿಂಕರ್ ಮತ್ತು ಪ್ರಿನ್ಸ್ ಅದನ್ನು ತೀವ್ರವಾಗಿ ಖಂಡಿಸಿದರು. ಪಿಂಕರ್ ಮುಂದೆ ಬೆಳೆಸಿದ ವಾದದ ಪ್ರಕಾರ ಸಾಮಾನ್ಯ ರೂಪಕ್ಕೆ ನಿಯಮ, ಅಪವಾದಕ್ಕೆ ನೆನಪು. ಕನ್ನಡದಲ್ಲಿ ಕೊಡು-ಕೊಟ್ಟ, ಬಿಡು-ಬಿಟ್ಟ, ಇಡು-ಇಟ್ಟ, ಸುಡು-ಸುಟ್ಟ, ತೊಡು-ತೊಟ್ಟ ನೋಡಿ. ಮಾಡು, ಓಡು, ನೋಡು, ಹಾಡುಗಳಿಗೆ ಮಾಡಿದ, ಓಡಿದ, ನೋಡಿದ, ಹಾಡಿದ. ಮೊದಲ ಸ್ವರ ಹ್ರಸ್ವವಾದರೆ ಒಂದು ದಾರಿ, ದೀರ್ಘವಾದರೆ ಇನ್ನೊಂದು. ನಗು-ನಕ್ಕ, ಸಿಗು-ಸಿಕ್ಕ ಒಂದು ಕಡೆ. ಕೂಗು-ಕೂಗಿದ ಇನ್ನೊಂದು ಕಡೆ. ಹೋಗು-ಹೋದ ಎರಡಕ್ಕೂ ಸೇರದು. ಇವನ್ನು ಅಪವಾದ ಎಂದು ಬದಿಗಿಡಲಾಗದು, ಒಂದೇ ನಿಯಮಕ್ಕೆ ಕಟ್ಟಲೂ ಆಗದು. ಸದ್ದಿನ ನೆರೆಹೊರೆಯಲ್ಲಿ ಗುಂಪುಗೂಡಿದ ಇಂಥ ಬಳಗಗಳನ್ನು ಕಂಡಾಗ ಜಾಲದವರ ಮಾತೇ ನನಗೆ ಹೆಚ್ಚು ಸರಿ ಎನಿಸುತ್ತದೆ.

ಇನ್ನು ಎರಡು ಮೂರು ಭಾಷೆಗಳ ತಲೆ. ಡೈಕ್‌ಸ್ಟ್ರಾ ಮತ್ತು ವಾನ್ ಹೂವನ್ 2002ರಲ್ಲಿ ಮಂಡಿಸಿದ ದ್ವಿಭಾಷಾ ಮಾದರಿಯಲ್ಲಿ ಎರಡೂ ಭಾಷೆಯ ಪದಗಳು ಒಂದೇ ಬಲೆಯಲ್ಲಿದ್ದು, ಯಾವುದನ್ನು ಓದಿದರೂ ಎರಡೂ ಕಡೆ ಕಾವು ಏರುತ್ತದೆ. ಮನೆಯಲ್ಲಿ ತುಳು, ಬೀದಿಯಲ್ಲಿ ಕನ್ನಡ, ಆಫೀಸಿನಲ್ಲಿ ಇಂಗ್ಲಿಷ್ ಆಡುವ ಮಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈ ಪೈಪೋಟಿಯನ್ನು ಜೀವನವಿಡೀ ಸಂಭಾಳಿಸುವುದರಿಂದ ಲಾಭವೂ ಇದ್ದೀತು. 2013ರಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ 648 ಡಿಮೆನ್ಷಿಯಾ ರೋಗಿಗಳ ದಾಖಲೆ ನೋಡಿದಾಗ, ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಿಗೆ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಶಾಲೆಯ ಮೆಟ್ಟಿಲು ಹತ್ತದವರಲ್ಲೂ ಈ ಅಂತರವಿತ್ತು.

ಈಗಿನ ದೊಡ್ಡ ಭಾಷಾ ಮಾದರಿಗಳ ವಿಷಯಕ್ಕೆ ಬರದೆ ಈ ಸಮೀಕ್ಷೆ ಮುಗಿಯದು. 2008ರಲ್ಲಿ ಟಾಮ್ ಮಿಚೆಲ್ ಬಳಗ, ಪದವೊಂದು ಯಾವ ಪದಗಳ ಜತೆ ಬರುತ್ತದೆ ಎಂಬ ಲೆಕ್ಕದಿಂದಲೇ ಆ ಪದ ಓದುವಾಗ ಮಿದುಳಿನ ಸ್ಕ್ಯಾನ್ ಹೇಗಿದ್ದೀತು ಎಂದು ಮುನ್ನುಡಿಯಿತು. ಪರೀಕ್ಷಿಸಿದ ನಾಮಪದಗಳು 60. 2016ರಲ್ಲಿ ಅಲೆಕ್ಸಾಂಡರ್ ಹುಥ್ ಬಳಗ, ಏಳು ಜನರಿಗೆ ಗಂಟೆಗಟ್ಟಲೆ ಕಥೆ ಕೇಳಿಸಿ, ಅರ್ಥಗಳು ಎರಡೂ ಅರ್ಧಗೋಳಗಳ ತುಂಬ ಹರಡಿರುವ ನಕ್ಷೆ ಬರೆಯಿತು. 2021ರಲ್ಲಿ ಮಾರ್ಟಿನ್ ಶ್ರಿಂಫ್ ಬಳಗ, ಮುಂದಿನ ಪದವನ್ನು ಊಹಿಸುವ ಜಾಲಗಳ ಒಳಸ್ಥಿತಿ ಮಿದುಳಿನ ಸ್ಪಂದನಕ್ಕೆ ಎಷ್ಟು ಹತ್ತಿರವಿದೆ ಎಂದು ತೋರಿಸಿತು. ಇವು ದೊಡ್ಡ ಸಾಧನೆಗಳು. ಆದರೂ ನನ್ನ ಅಳತೆಗೋಲನ್ನು ಇವುಗಳ ಮೇಲೂ ಇಡುತ್ತೇನೆ. ಈ ಜಾಲಕ್ಕೆ ಪದ ನಾಲಿಗೆ ತುದಿಯಲ್ಲಿ ನಿಲ್ಲುವುದಿಲ್ಲ. ಅದು 'ಎತ್ತು' ಎನ್ನಹೋಗಿ 'ಎಮ್ಮೆ' ಎನ್ನುವುದಿಲ್ಲ. ಹದಿಮೂರು ವರ್ಷದ ಮಗು ಅಷ್ಟರವರೆಗೆ ಕೇಳಿರುವ ಪದಗಳು ಹತ್ತು ಕೋಟಿಯನ್ನು ಮೀರಲಾರವು ಎಂಬುದು ಅಂದಾಜು. ಈ ಜಾಲಗಳು ಅದರ ಸಾವಿರಾರು ಪಟ್ಟು ನುಂಗಿವೆ. ಸ್ಕ್ಯಾನಿನ ಗೆರೆಗೆ ಗೆರೆ ಹೊಂದಿದ ಮಾತ್ರಕ್ಕೆ ದಾರಿಯೂ ಅದೇ ಎನ್ನಲಾಗದು. ಹಿಂಟನ್ ಮತ್ತು ಶಾಲಿಸರ ಹಾಗೆ ಇವನ್ನೂ ಕಡಿದು, ಯಾವ ಪದ ಯಾವುದಾಗಿ ಹೊರಬರುತ್ತದೆ ಎಂದು ರೋಗಿಗಳ ತಪ್ಪಿನ ಪಕ್ಕದಲ್ಲಿಟ್ಟು ನೋಡುವ ಕೆಲಸ ಇನ್ನೂ ಬಹಳ ಆಗಬೇಕಿದೆ.

ಅದಕ್ಕೆ ಕನ್ನಡದ ತಪ್ಪುಗಳು ಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಈ ಕ್ಷೇತ್ರದಲ್ಲಿದೆ, ಅಫೇಸಿಯಾ ಪರೀಕ್ಷೆಯ ಕನ್ನಡ ರೂಪವೂ ಬಳಕೆಯಲ್ಲಿದೆ. ಮನೆಗಳಲ್ಲಿ ದಿನವಿಡೀ ಉದುರುವ ತಪ್ಪುಗಳನ್ನು ಮಾತ್ರ ಯಾರೂ ಹೆಕ್ಕುತ್ತಿಲ್ಲ. ನಾವು ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ದೊಡ್ಡಮ್ಮನ ಮಾತುಗಳನ್ನು ತಾರೀಖು ಹಾಕಿ ಬರೆದಿಟ್ಟೆವು: ಬೇಕಾದ ಪದ ಒಂದು ಕಡೆ, ಬಂದ ಪದ ಇನ್ನೊಂದು ಕಡೆ. ಬೀಸಣಿಗೆಗೆ ಮೊರ. ಸೌಟಿಗೆ ಚಮಚ. ಬೀಗಕ್ಕೆ ಬಾಗಿಲು. ಥೆರಪಿಯ ಹುಡುಗಿ ಪ್ರತಿ ವಾರ ಅದನ್ನು ಓದಿ, ಮುಂದಿನ ವಾರದ ಕಾರ್ಡುಗಳನ್ನು ಅದರ ಪ್ರಕಾರ ಆರಿಸುತ್ತಿದ್ದಳು.

ನಿಮ್ಮ ಮನೆಯಲ್ಲೂ ಲಕ್ವದಿಂದ ಮಾತು ಕುಂಟಿದವರಿದ್ದರೆ ಹೀಗೆ ಬರೆದಿಡಿ, ಥೆರಪಿ ಕೊಡುವವರಿಗೆ ತೋರಿಸಿ. ಅವರು ಪದಕ್ಕಾಗಿ ತಡಕಾಡುವಾಗ "ಮೊರನಾ? ಪೊರಕೆನಾ? ಫ್ಯಾನಾ?" ಎಂದು ಹತ್ತಿರದ ಪದಗಳನ್ನೆಲ್ಲ ಮುಂದೆ ಸುರಿಯಬೇಡಿ, ಅವು ಪೈಪೋಟಿಗೆ ನಿಲ್ಲುತ್ತವೆ. ಸ್ವಲ್ಪ ಕಾಯಿರಿ. ಆಮೇಲೂ ಬಾರದಿದ್ದರೆ ಮೊದಲ ಅಕ್ಷರವನ್ನು ಮಾತ್ರ ಹೇಳಿ, ಮತ್ತೆ ಕಾಯಿರಿ.